ಟಾಪ್ ಗೇರಿನಲ್ಲೇ ಏರು ಹತ್ತುವ ಗಾಡಿ

...ಮೊದಲು ಆ ಮೀಸೆ ಕತ್ತರಿಸು ಕದಿರೇಶ, ಇಂಜಿನ್ ವಿಷಯ ಆಮೇಲೆ ಮಾತಾಡೋಣ. ಯಾಕೆ ನಗ್ತೀಯ? ನಾನೇನು ತಮಾಷೆ ಮಾಡ್ತಿದ್ದೀನಾ? ಮೇಲಿನ ತುಟಿ ಇದೆಯೋ ಇಲ್ಲವೋ ಅನ್ನೋದೇ ಕಾಣದ ಹಾಗೆ ಬೇಲಿ ಬೆಳೆದಂತೆ ಬೆಳೆದಿದೆ. ಕೋಲಾರದಲ್ಲಿ ಕ್ಷೌರದಂಗಡಿಗಳೆಲ್ಲ ಮುಚ್ಚಿಹೋದವಾ? ಸ್ವಂತ ವರ್ಕ್‌ಷಾಪ್ ಇಟ್ಟುಕೊಂಡವನು ನೀನು, ನಾಲ್ಕು ಜನ ಬಂದು ಹೋಗುವ ಜಾಗ ಇದು. ಒಡಹುಟ್ಟಿದ ಅಕ್ಕ ಅಂತ ಹೇಳ್ತಿದ್ದೀನಿ. ಶಾಮಲ ಹೇಳೋದಿಲ್ಲ. ಹೆಂಡತಿಯರು ಇಂಥದ್ದನ್ನೆಲ್ಲ ಗಂಡನಿಗೆ ಹೇಳೋದಿಲ್ಲ, ಅಭ್ಯಾಸ ಮಾಡ್ಕೊಂಡುಬಿಡ್ತಾರೆ.

ಏನಂದೆ? ಈ ಕಡೆ ತಿರುಗಿ ಹೇಳು. ಬಾನೆಟ್ ಒಳಗೆ ತಲೆ ತೂರಿಸಿಕೊಂಡು ಹೇಳಿದ್ರೆ ಅದು ಬಾನೆಟ್‌ಗೆ ಹೇಳಿದ ಹಾಗೆ ಆಯ್ತು, ನನಗಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಫಿಲೋಮಿನಾ ನಮಗೆ ಮೊದಲು ಕಲಿಸಿದ್ದೇ ಅದು. ಮಾತಾಡುವಾಗ ಎದುರಿಗಿರೋರ ಮುಖ ನೋಡಬೇಕು, ಒಂದೊಂದು ಅಕ್ಷರವೂ ಬಾಯಿಂದ ಪೂರ್ತಿ ಹೊರಗೆ ಬರಬೇಕು. ನಿನಗೆ ಆ ಶಿಸ್ತು ಬರಲೇ ಇಲ್ಲ. ಅಪ್ಪ ನನ್ನನ್ನ ಕಾನ್ವೆಂಟಿಗೆ ಕಳಿಸಿ, ನಿನ್ನನ್ನ ಬೀದಿಗೆ ಬಿಟ್ಟರು.

ಮೆಲ್ಲಗೆ ಮಾತಾಡಬೇಕಾ? ನಾನೇನು ಕೂಗ್ತಿದ್ದೀನಾ? ರಸ್ತೆಯಲ್ಲಿ ಹೋಗೋರು ತಿರುಗಿ ನೋಡ್ತಾರಂತೆ. ನೋಡಲಿ ಬಿಡು. ಗಂಗರತ್ನಮ್ಮ ತಮ್ಮನ ಹತ್ರ ಜಗಳ ಆಡೋದು ಈ ಊರಿಗೆ ಹೊಸದಲ್ಲ.

ಸರಿ, ಕೇಳು. ಮಡ್‌ಗಾರ್ಡ್ ನೆಗ್ಗಿದೆ, ಬಡಿದು ನೆಟ್ಟಗೆ ಮಾಡು ಅಂತ ಗಾಡಿ ಬಿಟ್ಟು ಹೋದೆ. ನೀನು ಮಡ್‌ಗಾರ್ಡ್ ಮುಟ್ಟಿಲ್ಲ. ನಿನಗೆ ಇಂಜಿನ್ ತಾನೇ ಬೇಕಾದ್ದು? ಬಿಚ್ಚಿ ನೋಡಿದ್ದೀಯ. ಈಗ ಕ್ಲಚ್ ಪ್ಲೇಟ್ ಸುಟ್ಟಿದೆ, ವಾಲ್ವ್ ಬಗ್ಗಿದೆ ಅಂತ ಪೊಲೀಸಿನವರ ಹಾಗೆ ಪ್ರಶ್ನೆ ಕೇಳ್ತೀಯ. ಓಡಿಸೋ ಗಾಡಿ, ಸವೆಯುತ್ತೆ. ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ಗೌನಿಪಲ್ಲಿ, ಆಮೇಲೆ ನಮ್ಮ ಮಾವಿನ ತೋಟದ ಏರು. ಆ ರಸ್ತೆ ನೀನೇ ನೋಡಿದ್ದೀಯ. ಎತ್ತುಗಳಿಗೇ ಅಲ್ಲಿ ಉಸಿರು ನಿಲ್ಲುತ್ತೆ.

ಅದಕ್ಕೇ ನಾನು ಹೇಳೋದು, ಈ ಇಂಜಿನ್ ತೆಗೆದುಬಿಡು. ಮಾಲೂರಿನಲ್ಲಿ ಒಬ್ಬರು ಇದೇ ಫಿಯೆಟ್‌ಗೆ ಸಾವಿರದೈನೂರು ಸಿ.ಸಿ. ಇಂಜಿನ್ ಕೂಡಿಸಿಕೊಡ್ತಾರಂತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಬ್ಬರು ಹಾಗೇ ಮಾಡಿಸಿದ್ದಾರೆ, ನಾನೇ ಕೂತು ನೋಡಿದೆ. ಟಾಪ್ ಗೇರಿಗೆ ಹಾಕಿ ಬಿಟ್ಟರೆ ಸಾಕು. ನಿಧಾನಕ್ಕೆ ಹೋದರೂ ಎಳೆಯುತ್ತೆ, ಜೋರಾಗಿ ಹೋದರೂ ಎಳೆಯುತ್ತೆ. ಏರಿನಲ್ಲಿ ಗೇರ್ ಇಳಿಸೋದು ಬೇಕಿಲ್ಲ, ಏರಿಸೋದು ಬೇಕಿಲ್ಲ. ಅಂಥದ್ದು ನನಗೆ ಬೇಕು. ಬೇರೆಯವರ ಕೈಲಿ ಯಾಕೆ, ನೀನೇ ಮಾಡಿಕೊಡು ಅಂತ ಕೇಳ್ತಿದ್ದೀನಿ.

ಮುಖ ಸಿಂಡರಿಸಬೇಡ. ಗೊತ್ತು, ನಿನ್ನ ಪಾಠ ನನಗೆ ಬಾಯಿಪಾಠ. ಇದು ಬರೀ ಸಾವಿರದ ನೂರು ಸಿ.ಸಿ., ಆದರೆ ನೀನು ಹೆಡ್ ಉಜ್ಜಿ, ಕ್ಯಾಮ್ ಬದಲಾಯಿಸಿ, ಕಾರ್ಬ್ಯುರೇಟರ್ ದೊಡ್ಡದು ಹಾಕಿ, ಸಾವಿರದೈನೂರು ಕೊಡೋ ಶಕ್ತಿಯನ್ನೇ ಇದರಿಂದ ತೆಗೆದಿದ್ದೀಯ. ನಿಮ್ಮ ಭಾವ ಇದ್ದಾಗ ಅವರಿಗೆ ಇದೇ ಹುಚ್ಚು ತಾನೇ? ಇಬ್ಬರೂ ಸೇರಿ ಭಾನುವಾರವೆಲ್ಲ ಇದರ ಹೊಟ್ಟೆ ಕೊಯ್ದು ಕೂತಿರ್ತಿದ್ರಿ. ನಾನು ಊಟಕ್ಕೆ ಕಾಯ್ತಿದ್ದೆ. ಸಣ್ಣ ಇಂಜಿನ್ ಹಗುರ, ಮೂತಿ ಭಾರ ಆಗೋದಿಲ್ಲ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ. ದೊಡ್ಡದು ಹಾಕಿದ್ರೆ ಬ್ರೇಕ್ ಸಾಲದು, ಗೇರ್‌ಬಾಕ್ಸ್ ತಡೆಯೋದಿಲ್ಲ. ಮತ್ತೆ ಏನು? ಹಾಂ, ಈಗ ಬಂದಿದೆಯಲ್ಲ ಆ ಮಾರುತಿ, ಅದು ಎಂಟುನೂರೇ ಅಂತೆ, ಪ್ರಪಂಚವೇ ಸಣ್ಣ ಇಂಜಿನ್ ಕಡೆ ಹೋಗ್ತಿರುವಾಗ ಅಕ್ಕ ಹಿಂದಕ್ಕೆ ಹೋಗ್ತಾಳೆ ಅಂತೀಯ. ಎಲ್ಲ ಸರಿ. ನಾನು ಇಲ್ಲ ಅಂದೆನಾ?

ಆದರೆ ನೀನು ಒಂದು ಮರೀತೀಯ. ಅಮ್ಮ ರಾಗಿ ಬೀಸ್ತಿದ್ದದ್ದು ನೆನಪಿದೆಯಾ? ಮನೆಯಲ್ಲಿ ಎರಡು ಬೀಸೋಕಲ್ಲು ಇತ್ತು. ಸಣ್ಣದರಲ್ಲಿ ಗಿರಗಿರ ಅಂತ ತಿರುಗಿಸಬೇಕು, ಕೈ ನಿಂತರೆ ಹಿಟ್ಟೂ ನಿಂತಿತು. ದೊಡ್ಡದು ಮೆಲ್ಲಗೆ ಒಂದು ಸುತ್ತು ಹೋದರೆ ಸಾಕು, ಸಣ್ಣದರ ಎರಡು ಮೂರು ಸುತ್ತಿನ ಹಿಟ್ಟು ಬೀಳ್ತಿತ್ತು. ಸಾಯಂಕಾಲಕ್ಕೆ ಮೊರದಲ್ಲಿ ಇರೋ ಹಿಟ್ಟು ಎರಡರದ್ದೂ ಅಷ್ಟೇ. ವಯಸ್ಸಿನಲ್ಲಿದ್ದಾಗ ಅಮ್ಮ ಸಣ್ಣದರ ಮುಂದೆ ಕೂರ್ತಿದ್ದಳು, ಹಾಡು ಹೇಳಿಕೊಂಡು. ಆಮೇಲೆ? ಆಮೇಲೆ ದೊಡ್ಡದಕ್ಕೇ ಹೋದಳು. ಹಾಡೂ ನಿಂತಿತು. ಸೋತವರಿಗೆ ದೊಡ್ಡ ಕಲ್ಲು ಕಣೋ. ಅಷ್ಟೇ ನನ್ನ ಇಂಜಿನಿಯರಿಂಗ್.

ನಿನ್ನ ಈ ಇಂಜಿನ್ ಇದೆಯಲ್ಲ, ಅದು ಯಾವಾಗಲೂ ಎಚ್ಚರವಾಗಿರು ಅನ್ನುತ್ತೆ. ಸುತ್ತು ಸ್ವಲ್ಪ ಇಳಿದರೆ ನಿದ್ದೆ ಹೋಗುತ್ತೆ, ಏರಿನ ಮಧ್ಯೆ ನಿಂತೇಬಿಡುತ್ತೆ. ಹೆಚ್ಚಾದರೆ ಒಳಗೆ ಏನೋ ಮುರಿಯುತ್ತೆ. ನಡುವೆ ಒಂದು ಎಳೆಯಷ್ಟು ಜಾಗ, ಅಲ್ಲೇ ಅದನ್ನ ಹಿಡಿದಿರಬೇಕು. ಹಿಂದೆ ಮಾವಿನಕಾಯಿ ಬುಟ್ಟಿ ತುಂಬಿದ್ದಾಗ ಅಷ್ಟು ಜಾಗವೂ ಇರೋದಿಲ್ಲ. ನನಗೆ ಸಾಕಾಗಿದೆ. ಗಾಡಿ ಓಡಿಸೋದು ಸಾಕಾಗಿಲ್ಲ, ಅದನ್ನ ಗಮನಿಸ್ತಾ ಇರೋದು ಸಾಕಾಗಿದೆ.

ಏನು? ಇನ್ನೊಂದು ಸಲ ಹೇಳು... ಹಾಂ. ಹೌದು, ನಾನೇ. ನಿನಗೆ ಗೇರ್ ಬದಲಾಯಿಸೋದು ಕಲಿಸಿದ್ದು ನಾನೇ, ಯಾಕೆ ಮರೀಲಿ. ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸ್ತಿದ್ದವಳು ನಾನು. ನೀನು ಸ್ಪೀಡಿನ ಮುಳ್ಳು ನೋಡ್ಕೊಂಡು ಗೇರ್ ಹಾಕ್ತಿದ್ದೆ, ಪ್ರತಿ ಸಲ ಗಾಡಿ ಮುಗ್ಗರಿಸ್ತಿತ್ತು. ಮುಳ್ಳು ನೋಡಬೇಡ, ಕಣ್ಣು ರಸ್ತೆ ಮೇಲಿರಲಿ, ಇಂಜಿನ್ ಹಾಡ್ತಾ ಮೇಲಿನ ಷಡ್ಜಕ್ಕೆ ಬಂದು ಮುಟ್ಟುತ್ತೆ, ಆಗ ಬದಲಾಯಿಸು ಅಂದೆ. ಷಡ್ಜ ಅಂದ್ರೇನು ಅಂದೆ ನೀನು. ಸರಿಗಮದ ಮೇಲಿನ ಸಾ ಕಣೋ ಅಂತ ಅರ್ಧ ದಾರಿಯುದ್ದಕ್ಕೂ ಹಾಡಿ ತೋರಿಸ್ದೆ. ಹಿಂದಿನ ಸೀಟಿನಲ್ಲಿ ನಿಮ್ಮ ಭಾವ ನಕ್ಕೂ ನಕ್ಕೂ...

ಯಾಕೆ ಹಾಗೆ ನೋಡ್ತೀಯ?

ಕಿವಿಯ ಮಾತು ಇಲ್ಲಿ ಯಾಕೆ ಬಂತು? ಅಷ್ಟು ಒಳ್ಳೆ ಕಿವಿ ಇದ್ದವಳು ಕ್ಲಚ್ ಯಾಕೆ ಸುಟ್ಟೆ ಅಂದ್ರೆ, ಮಂಡಿ ನೋವು. ಮೊಣಕಾಲು. ಕ್ಲಚ್ ಒತ್ತಿ ಒತ್ತಿ ಎಡಗಾಲು ಹಿಡ್ಕೊಂಡುಬಿಟ್ಟಿದೆ. ಪೂರ್ತಿ ಒತ್ತೋಕೆ ಆಗೋದಿಲ್ಲ, ಪೂರ್ತಿ ಬಿಡೋಕೂ ಆಗೋದಿಲ್ಲ. ಪ್ಲೇಟ್ ಸುಡದೆ ಏನು ಮಾಡುತ್ತೆ. ಗಡಿಯಾರ ಗೋಪುರದಿಂದ ಇಲ್ಲಿಗೆ ನಡ್ಕೊಂಡೇ ಬಂದೆ ಅಂತೀಯಾ? ನಡೆಯೋದು ಬೇರೆ, ಒತ್ತೋದು ಬೇರೆ. ಡಾಕ್ಟರ್ ಆಗಬೇಡ ನೀನು.

ಲಾರಿ? ಲಾರಿ ವಿಷಯ ಮತ್ತೆ ಯಾಕೆ? ಮುಳಬಾಗಿಲಿಗೆ ಬುಟ್ಟಿ ತರೋಕೆ ಹೋಗಿದ್ದೆ. ಬರುವಾಗ ಒಬ್ಬ ಹಿಂದಿನಿಂದ ಬಂದು ಉಜ್ಜಿಕೊಂಡು ಹೋದ, ಮಡ್‌ಗಾರ್ಡ್ ನೆಗ್ಗಿತು. ಹಾರ್ನ್ ಮಾಡಲಿಲ್ಲ, ಏನಿಲ್ಲ. ಈಗಿನ ಲಾರಿಯವರೇ ಹಾಗೆ.

ಆ ಲಾರಿಯವನು ಇಲ್ಲಿಗೆ ಬಂದಿದ್ದನಾ? ಯಾವಾಗ? ನಿಧಾನಕ್ಕೆ ಹೇಳು. ಏನಂದ? "ಊರಿಂದಾಚೆಯಿಂದ ಹಾರ್ನ್ ಕೊಡ್ತಾನೇ ಬಂದೆ, ಅಮ್ಮಗಾರು ದಾರಿ ಬಿಡಲೇ ಇಲ್ಲ" ಅಂದನಾ? ಅವನು ಬೇರೇನು ಹೇಳ್ತಾನೆ? ತಪ್ಪು ನಂದು ಅಂತಾನಾ? ನೀನು ನಿನ್ನ ಅಕ್ಕನ ಮಾತು ನಂಬ್ತೀಯೋ ಆಂಧ್ರಕ್ಕೆ ಹೋಗೋ ಲಾರಿಯವನ ಮಾತು ನಂಬ್ತೀಯೋ? ...ಸರಿ ಬಿಡು. ಉತ್ತರ ಬೇಡ.

ಈ ಬೆಂಚು ಒರೆಸಿದ್ದೀಯಾ? ಗ್ರೀಸ್ ಇದ್ರೆ ಸೀರೆ ಹಾಳು. ಸ್ವಲ್ಪ ಕೂತ್ಕೋತೀನಿ.

ನೋಡು ಕದಿರೇಶ, ನಿನಗೆ ಒಂದು ಅರ್ಥ ಆಗಬೇಕು. ಗಾಡಿ ಇಲ್ಲದಿದ್ರೆ ತೋಟ ಇಲ್ಲ. ಆಂಜಿನಪ್ಪ ಒಳ್ಳೆಯವನು, ಕಾವಲು ಕಾಯ್ತಾನೆ, ನೀರು ಬಿಡ್ತಾನೆ. ಆದರೆ ವಾರಕ್ಕೊಮ್ಮೆ ನಾನು ಹೋಗಿ ನಿಲ್ಲದಿದ್ರೆ ಅವನ ಕೈಲಿ ಆಗೋದಿಲ್ಲ. ಬಸ್ಸಿನಲ್ಲಿ ಹೋದರೆ ಗೌನಿಪಲ್ಲಿಯಲ್ಲಿ ಇಳಿದು ಮುಂದೆ ಯಾರದಾದರೂ ಗಾಡಿಗೆ ಕಾಯಬೇಕು. ಒಂದು ವರ್ಷ ಹೋಗಲಿಲ್ಲ ಅಂದ್ರೆ ನಿಮ್ಮ ಭಾವನ ಅಣ್ಣನ ಮಕ್ಕಳು ಬಂದು ಕೂರ್ತಾರೆ. ಈ ವಯಸ್ಸಿನಲ್ಲಿ ಚಿಕ್ಕಮ್ಮನಿಗೆ ಯಾಕೆ ತೊಂದರೆ, ಗುತ್ತಿಗೆಗೆ ಕೊಟ್ಟುಬಿಡೋಣ ಅಂತಾರೆ. ಆಗಲೇ ಅಂದಿದ್ದಾರೆ. ಅವರಿಗೆ ನನ್ನಲ್ಲಿ ಏನಾದರೂ ಒಂದು ಕೊರತೆ ಸಿಕ್ಕರೆ ಸಾಕು, ಕಾಯ್ತಾ ಇದ್ದಾರೆ. ಆ ರಸಪೂರಿ ಗಿಡಗಳೆಲ್ಲ ನಾನು ಕೊಡದಲ್ಲಿ ನೀರು ಹೊಯ್ದು ಎಬ್ಬಿಸಿದ್ದು. ಕೋಲಾರದ ಮನೆಯ ಜಗಲಿ ಮೇಲೆ ಕೂತು, ಯಾರೋ ಕಳಿಸಿದ ಬುಟ್ಟಿಯಿಂದ ನಮ್ಮದೇ ಹಣ್ಣು ತಿನ್ನೋಳಲ್ಲ ನಾನು.

ಯಾಕೆ ಮತ್ತೆ ನಗ್ತೀಯ? ಮಾವಿನ ಮಂಡಿಯ ವಿಷಯ ಶಾಮಲ ಹೇಳಿದಳಾ? ಹೌದು, ಟವಲ್ ಒಳಗೆ ಕೈ ಹಾಕ್ತೀನಿ. ಶ್ರೀನಿವಾಸಪುರದಲ್ಲಿ ಮಾವಿನ ವ್ಯಾಪಾರ ನಡೆಯೋದೇ ಹಾಗೆ. ಟವಲ್ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳಿನಲ್ಲಿ ರೇಟು ಹೇಳ್ತಾರೆ, ಪಕ್ಕದವನಿಗೆ ತಿಳಿಯೋದಿಲ್ಲ. ಹೌದು, ಮೊದಲು ನಾನೇ ಬೈತಿದ್ದೆ. ಇದೇನು ಅಸಹ್ಯ, ಬಾಯಿ ಇಲ್ಲವಾ, ರೇಟನ್ನ ಗಟ್ಟಿಯಾಗಿ ಹೇಳಿ, ಹೆಂಗಸು ಬಂದಿದ್ದಾಳೆ ಅನ್ನೋ ಮರ್ಯಾದೆ ಇರಲಿ ಅಂತ. ನನಗೋಸ್ಕರ ಎಲ್ಲರೂ ಬಾಯಲ್ಲೇ ಹೇಳ್ತಿದ್ರು. ಈಗ ಎರಡು ವರ್ಷದಿಂದ ನಾನೇ ಕೈ ಚಾಚ್ತೀನಿ. ಕರ್ಚೀಫು ಸುತ್ತಿಕೊಂಡು ಚಾಚ್ತೀನಿ, ಅಷ್ಟು ನಕ್ಕರೆ ಸಾಕು. ಅಲ್ಲಿ ಒಂಥರಾ ನೆಮ್ಮದಿ ಕಣೋ. ಯಾರೂ ಮಾತಾಡೋದಿಲ್ಲ. ಬೆರಳು ಹಿಡಿದರೆ ಮುಗೀತು. ಪ್ರಪಂಚದ ವ್ಯವಹಾರವೆಲ್ಲ ಹಾಗೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು.

ರೇಡಿಯೋ? ಬೇಡ, ನಿಮ್ಮ ಮನೆಯಲ್ಲೇ ಇರಲಿ. ಶಾಮಲಳಿಗೆ ಅಂತಲೇ ಕೊಟ್ಟದ್ದು. ನನಗೆ ಈಗ ಹಾಡಿನಲ್ಲಿ ಆಸಕ್ತಿ ಇಲ್ಲ.

ಎಲ್ಲಿಗೆ ಹೋಗ್ತೀಯ? ಗೋಣಿಚೀಲ ಯಾಕೆ ಹಾಸ್ತೀಯ? ಗಾಡಿ ಕೆಳಗೆ ಹೋಗ್ತೀಯಾ? ಮಾತು ಮುಗಿಸಿ ಹೋಗು. ಕ್ಲಚ್ ಎಲ್ಲಿಗೂ ಓಡಿಹೋಗೋದಿಲ್ಲ. ಕದಿರೇಶ... ಹೋಗೇಬಿಟ್ಟ. ಚಿಕ್ಕವನಿದ್ದಾಗಲೂ ಹೀಗೇ. ಮಂಚದ ಕೆಳಗೆ ಸೇರಿಕೊಳ್ಳೋದು, ಅಲ್ಲಿಂದ ಕಾಲು ಮಾತ್ರ ಕಾಣೋದು.

ಸರಿ, ನಿನ್ನ ಕಾಲಿನ ಹತ್ರವೇ ಮಾತಾಡ್ತೀನಿ. ಕೊನೆಯ ಸಲ ಕೇಳ್ತಿದ್ದೀನಿ. ದೊಡ್ಡ ಇಂಜಿನ್ ಹಾಕಿಕೊಡ್ತೀಯೋ ಇಲ್ಲವೋ? ಆಗುತ್ತೆ ಅಥವಾ ಆಗೋದಿಲ್ಲ, ಒಂದು ಮಾತು ಹೇಳು. ನಾನು ಮನೆಗೆ ಹೋಗ್ತೀನಿ.

...

ಇದೇನು ಬಿಂಕ? ಉತ್ತರ ಕೊಡೋಕೂ ನಾನು ತಕ್ಕವಳಲ್ಲವಾ?

ನೋಡು, ನಿನ್ನ ಕೆಲಸಕ್ಕೆ ನಾನು ಅವಮಾನ ಮಾಡ್ತಿಲ್ಲ. ಆ ಇಂಜಿನ್ ತೆಗೆದು ಇಟ್ಟುಕೋ. ಗಾಜಿನ ಪೆಟ್ಟಿಗೆಯಲ್ಲಿ ಬೇಕಾದರೂ ಇಡು. ಇನ್ನೊಂದು ಫಿಯೆಟ್‌ಗೆ ಹಾಕು, ವಯಸ್ಸಿನ ಹುಡುಗರು ಕೇಳಿಕೊಂಡು ಬರ್ತಾರೆ. ಬ್ರೇಕ್ ಸಾಲದಿದ್ರೆ ಬ್ರೇಕೂ ಬದಲಾಯಿಸು. ಮೂತಿ ಭಾರವಾದರೆ ಆಗಲಿ, ನಾನೇನು ರೇಸಿಗೆ ಹೋಗ್ತೀನಾ? ಬಲಗಡೆ ರಸ್ತೆ, ಎಡಗಡೆ ಹುಣಸೆ ಮರಗಳು, ನಡುವೆ ಮುದುಕಿ ಹೋಗ್ತಾಳೆ. ಅಷ್ಟೇ.

ಏನಾದರೂ ಹೇಳು.

ಹೇಳೋದಿಲ್ಲ. ಗೊತ್ತು ನನಗೆ. ನಿನ್ನ ಮನಸ್ಸಿನಲ್ಲಿ ಇಲ್ಲ ಅಂತಲೇ ಇದೆ, ಮುಖ ನೋಡಿ ಹೇಳೋ ಧೈರ್ಯ ಇಲ್ಲ, ಅದಕ್ಕೇ ಕೆಳಗೆ ಸೇರಿಕೊಂಡೆ. ಹೇಳಿಬಿಡ್ತೀನಿ ಕೇಳು. ನಿನಗೆ ಅಕ್ಕನಿಗಿಂತ ಆ ಕಬ್ಬಿಣ ಹೆಚ್ಚು. ರಸ್ತೆಯಲ್ಲಿ ಹೋಗುವಾಗ ಅದು ಕಿರುಚಬೇಕು, ಕೋಲಾರದ ಜನ ತಿರುಗಿ ನೋಡಿ ಇದು ಕದಿರೇಶನ ಕೈಕೆಲಸ ಅನ್ನಬೇಕು. ಓಡಿಸೋಳ ಜೀವ ಹೇಗಾದರೂ ಹೋಗಲಿ. ಅಪ್ಪ ಹೋದಾಗ ನೀನು ಇಷ್ಟುದ್ದ ಇದ್ದೆ. ನಿನಗೆ ಪ್ಯಾಂಟು ಹೊಲಿಸಿದ್ದು ಯಾರು, ಬೆಂಗಳೂರಿನಲ್ಲಿ ಕೆಲಸ ಕಲಿಯೋಕೆ ಕಳಿಸಿದ್ದು ಯಾರು... ಬೇಡ. ಅದನ್ನೆಲ್ಲ ಹೇಳಬಾರದು ಅಂದ್ಕೊಂಡೇ ಬಂದಿದ್ದೆ. ಹೇಳಿಸಿಬಿಟ್ಟೆ. ಈಗಲೂ ಬಾಯಿ ಬಿಡೋದಿಲ್ಲ. ಆಗಲಿ, ಮಾಲೂರಿಗೇ ತಗೊಂಡು ಹೋಗ್ತೀನಿ. ಅಲ್ಲಿ ಕೇಳಿದ್ದಕ್ಕೆ ಉತ್ತರ ಕೊಡೋ ಮನುಷ್ಯರಾದರೂ ಇದ್ದಾರೆ.

ಶಾಮಲ, ನೀನು ಯಾವಾಗ ಬಂದೆ? ಕಾಫಿ ತಂದೆಯಾ? ಅಲ್ಲೇ ಯಾಕೆ ನಿಂತೆ? ನಿನ್ನ ಗಂಡನ ನಡತೆ ನೋಡಿದೆಯಲ್ಲ. ಅಷ್ಟು ಹೊತ್ತಿನಿಂದ ಕೇಳ್ತಿದ್ದೀನಿ, ಆಗುತ್ತೆ ಅನ್ನೋದಿಲ್ಲ, ಇಲ್ಲ ಅನ್ನೋದಿಲ್ಲ.

ಏನು? ಸೆರಗು ಬಾಯಿಂದ ತೆಗಿ ಮೊದಲು. ಮತ್ತೆ ಹೇಳು. ...ಅವರು ಆಗಲೇ ಒಪ್ಪಿಕೊಂಡರು ಅಂತೀಯಾ?

ಯಾವಾಗ ಒಪ್ಪಿಕೊಂಡ?

ಕೆಳಗೆ ಹೋದ ತಕ್ಷಣವಾ. "ಆಯ್ತಕ್ಕ, ಹಾಕ್ತೀನಿ, ಜಗಳ ಬೇಡ" ಅಂತ. ಗಟ್ಟಿಯಾಗಿಯೇ ಅಂದ. ನೀನು ಒಳಗೆ ಒಲೆ ಮುಂದೆ ಇದ್ದವಳು, ನಿನಗೂ ಕೇಳಿಸಿತು.

ಹಾಂ... ಹೌದು. ಹೌದು, ನನಗೂ ಕೇಳಿಸ್ತು. ಕೇಳಿಸದೆ ಏನು. ಮನಸ್ಸಿಲ್ಲದ ಮನಸ್ಸಿನಿಂದ ಅಂದನೋ ಏನೋ, ಅದಕ್ಕೇ ಇನ್ನೊಂದು ಸಲ ಕೇಳೋಣ ಅಂತ... ಹಾಗೆ ನೋಡಬೇಡ ಶಾಮಲ. ಲಾರಿಗಳ ಗಲಾಟೆ ಇದು. ಹೈವೇ ಪಕ್ಕ ವರ್ಕ್‌ಷಾಪ್ ಇಟ್ಟರೆ ಯಾರಿಗೆ ತಾನೇ ಸರಿಯಾಗಿ ಕೇಳಿಸುತ್ತೆ. ಏನು? ಲಾರಿ ಒಂದೂ ಹೋಗಲಿಲ್ಲವಾ?

ಹೊರಗೆ ಬಂದೆಯಾ ಕದಿರೇಶ. ಬಾ. ಮೈಯೆಲ್ಲ ಮಣ್ಣು, ಕೊಡವಿಕೋ. ನಾನು ಅಂದದ್ದನ್ನ ಮನಸ್ಸಿಗೆ ಹಚ್ಚಿಕೋಬೇಡ, ಬಿಸಿಲಿಗೆ ತಲೆ ಕಾದಿತ್ತು. ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು. ಎಲ್ಲಿಗೆ ಹೋಗ್ತೀಯ, ನನ್ನ ಹಿಂದೆ ಏನು ಕೆಲಸ ನಿನಗೆ? ಹೋಗಲಿ ಬಿಡು, ಕೈ ತೊಳಿಯೋಕೆ ಹೋದ ಅಂತ ಕಾಣುತ್ತೆ. ಕೊಡು ಶಾಮಲ, ಕಾಫಿ ಆರಿಹೋಗುತ್ತೆ. ಸಕ್ಕರೆ ಕಮ್ಮಿ ತಾನೇ ಹಾಕಿದ್ದು?

ಯಾಕೆ ಬೆಚ್ಚಿದೆ? ಶಾಮಲ? ಕಾಫಿಯೆಲ್ಲ ಸೀರೆ ಮೇಲೆ ಚೆಲ್ಲಿಕೊಂಡೆಯಲ್ಲ, ಸುಟ್ಟಿತಾ? ಆ ಮರದ ಕಾಗೆಗಳು ಯಾಕೆ ಎದ್ದವು? ಅಷ್ಟೂ ಒಟ್ಟಿಗೆ... ನೆರಳಲ್ಲಿ ಮಲಗಿದ್ದ ನಾಯಿ ಕೂಡ ಎದ್ದು ಹೋಗ್ತಿದೆ. ಏನಾಯ್ತು? ನನ್ನ ಹಿಂದೆ ಏನು ನೋಡ್ತಿದ್ದೀಯ?

ಕದಿರೇಶ.

ಕೈ ತೆಗಿ. ಸ್ಟಿಯರಿಂಗ್ ಮೇಲಿಂದ ಕೈ ತೆಗಿ. ಎಷ್ಟು ಹೊತ್ತಿನಿಂದ ಹಾರ್ನ್ ಒತ್ತಿಕೊಂಡು ನಿಂತಿದ್ದೀಯ? ಇನ್ನೂ ಒತ್ತಿಕೊಂಡೇ ಇದ್ದೀಯಾ? ಸಾಕು. ನಾಯಿಗೆ ಗೊತ್ತಾಯ್ತು, ಕಾಗೆಗೆ ಗೊತ್ತಾಯ್ತು. ಸಾಕು.

ಏನಾದರೂ ಹೇಳು. ಬೈಯಬೇಕು ಅನ್ನಿಸಿದ್ರೆ ಬೈ. ...ಇಲ್ಲ, ತುಟಿ ಅಲ್ಲಾಡ್ತಿಲ್ಲ. ಇದು ಮೀಸೆಯ ತೊಂದರೆ ಅಲ್ಲ. ನೀನು ನಿಜವಾಗಿಯೂ ಏನೂ ಹೇಳ್ತಿಲ್ಲ. ಅಷ್ಟು ನನಗೆ ಗೊತ್ತಾಗುತ್ತೆ, ಅದನ್ನ ಚೆನ್ನಾಗಿ ಕಲ್ತುಕೊಂಡಿದ್ದೀನಿ.

ಕೀ ಅಲ್ಲೇ ಇದೆ, ತೆಗೆದು ಜೇಬಿಗೆ ಹಾಕ್ಕೋ. ದೊಡ್ಡ ಇಂಜಿನ್ ಬೇಡ. ಎಷ್ಟು ದೊಡ್ಡದು ತಂದು ಹಾಕಿದ್ರೂ ಅದು ಹಿಂದಿನ ಲಾರಿಯ ಹಾರ್ನ್ ಕೇಳಿ ನನಗೆ ಹೇಳೋದಿಲ್ಲ. ನಿನ್ನ ಸಣ್ಣ ಇಂಜಿನ್ನೇ ಇರಲಿ. ಶುಕ್ರವಾರ ಗೌನಿಪಲ್ಲಿಗೆ ನೀನೇ ಓಡಿಸು, ಕಾಯಿ ಇಳಿಸೋ ತನಕ ನೀನೇ ಬಾ. ನಾನು ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟಿರ್ತೀನಿ. ಓಡಿಸುವಾಗ ಎರಡು ಕೈಗೂ ಕೆಲಸ ಇರುತ್ತೆ, ಸುಮ್ಮನೆ ಕೂತವಳಿಗೆ ಒಂದು ಕೈ ಬಿಡುವಾಗಿರುತ್ತೆ. ಷಡ್ಜಕ್ಕೆ ಬಂದಾಗ ಅಂಗೈಗೆ ಇನ್ನೂ ತಿಳಿಯುತ್ತೆ. ನೀನು ತಡವಾಗಿ ಗೇರ್ ಹಾಕಿದ್ರೆ ಬೈತೀನಿ. ನಿಮ್ಮ ಭಾವನ ಅಣ್ಣನ ಮಕ್ಕಳಿಗೆ ಮಾತ್ರ ಇದನ್ನ ಹೇಳಬೇಡ. ಶಾಮಲ, ನೀನೂ ಅಷ್ಟೇ.

ಕದಿರೇಶ. ಆ ಕಡೆ ತಿರುಗಬೇಡ ಕಣೋ. ಅಳೋದಾದರೂ ಈ ಕಡೆ ಮುಖ ಮಾಡಿಕೊಂಡು ಅಳು. ನೀನು ಬೆನ್ನು ಹಾಕಿದ್ರೆ, ನೀನು ಇಲ್ಲಿ ಇದ್ದೀಯೋ ಇಲ್ಲವೋ ನನಗೆ ಗೊತ್ತಾಗೋದಿಲ್ಲ.